ಬರೀ ರೈಟ್ ಮಾರ್ಕು ಹಾಕ್ಬೇಡಿ

ಹೊಸದಾಗಿ ಕ್ಯಾಮೆರಾ ಕೈಗೆ ಬಂದೋರು ಮೊದಲು ಹಿಡಿಯೋದು ಹೂವನ್ನೇ ನೋಡಿ. ಅದು ಮಕ್ಕಳ ಹಾಗೆ ಓಡಲ್ಲ, ನೆಂಟರ ಹಾಗೆ 'ನಾನು ದಪ್ಪ ಕಾಣ್ತೀನಿ' ಅಂತ ತಕರಾರು ತೆಗೆಯಲ್ಲ. ಆದ್ರೆ ಹತ್ತಿರ ಹೋದಷ್ಟೂ ಸತಾಯಿಸುತ್ತೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಹೂವಿನ ನಿಜವಾದ ಅಳತೆಯೇ ಸೆನ್ಸರ್ ಮೇಲೆ ಮೂಡುವಷ್ಟು ಹತ್ತಿರ ಹೋದ್ರೆ, ಎಫ್/8ರಲ್ಲೂ ಚೂಪಾಗಿ ಕಾಣೋದು ಹೆಚ್ಚೂಕಮ್ಮಿ 1 ಮಿಲಿಮೀಟರ್ ಆಳ ಮಾತ್ರ! ಕೇಸರದ ತುದಿ ಸಿಕ್ಕರೆ ಎಸಳು ಮಸುಕು, ಎಸಳು ಸಿಕ್ಕರೆ ಕೇಸರ ಮಸುಕು. ಗಾಳಿ ಬೀಸಿತೋ, ಎರಡೂ ಇಲ್ಲ.

ಮಿಸ್ಸಿಸಾಗಾದಲ್ಲಿರೋ ಮಗಳ ಮನೆಗೆ ತೀರ್ಥಹಳ್ಳಿ ಕಡೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬಂದಿದ್ರು. ಅಳಿಯನ ಹಳೇ ಕ್ಯಾಮೆರಾ, ಮ್ಯಾಕ್ರೋ ಲೆನ್ಸು ಹಿಡ್ಕೊಂಡು ಮೇ ತಿಂಗಳಲ್ಲಿ ರಿವರ್‌ವುಡ್ ಕಾಡಿನ ದಾರೀಲಿ ಟ್ರಿಲಿಯಂ ಹೂವಿನ ಫೋಟೋ ತೆಗೆದ್ರು. ಮೂರೆಲೆ, ಮೂರೆಸಳಿನ ಈ ಬಿಳಿ ಹೂವು 1937ರಿಂದ ಒಂಟಾರಿಯೋ ಪ್ರಾಂತ್ಯದ ಲಾಂಛನ. ಬೀಜ ಮೊಳೆತು ಮೊದಲ ಹೂ ಬಿಡೋಕೆ ಏಳು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಹಾಗಾಗಿ ಹತ್ತಿರದ ಫೋಟೋ ಬೇಕು ಅಂತ ದಾರಿ ಬಿಟ್ಟು ಒಳಗೆ ಕಾಲಿಡೋ ಹಾಗಿಲ್ಲ.

ಫೋಟೋ ನೋಡಿದೋರೆಲ್ಲ 'ಸೂಪರ್ ಸಾರ್' ಅಂದ್ರು. ಮೇಷ್ಟ್ರಿಗೆ ಸಮಾಧಾನ ಇಲ್ಲ. "ಮೂವತ್ತು ವರ್ಷ ಪ್ರಬಂಧ ತಿದ್ದಿದೋನಪ್ಪ ನಾನು. ಪುಟದ ತುಂಬ ಬರೀ ರೈಟ್ ಮಾರ್ಕಿದ್ರೆ ಮೇಷ್ಟ್ರು ಓದಿಲ್ಲ ಅಂತ ಲೆಕ್ಕ" ಅಂದ್ರು. ಕ್ಯಾಮೆರಾ ಬಲ್ಲ ಇನ್ನೊಬ್ಬರು, "ಬಿಳಿ ಹೂವು ಗುಲಾಬಿ ಬಣ್ಣಕ್ಕೆ ತಿರುಗಿದೆ, ವೈಟ್ ಬ್ಯಾಲೆನ್ಸ್ ಕೆಟ್ಟಿದೆ, ಸರಿ ಮಾಡಿ" ಅಂತ ತೀರ್ಪು ಕೊಟ್ರು.

ನಿಜ ಏನಂದ್ರೆ, ಬಿಳಿ ಟ್ರಿಲಿಯಂ ವಯಸ್ಸಾಗ್ತಾ ಗುಲಾಬಿಗೆ ತಿರುಗುತ್ತೆ. ಫೋಟೋದಲ್ಲೇ ಸಾಕ್ಷಿ ಇತ್ತು: ಹಿಂದೆ ಮಸುಕಾಗಿ ಕಾಣ್ತಿದ್ದ ಇನ್ನೊಂದು ಎಳೆ ಹೂವು ಅಚ್ಚ ಬಿಳಿ. ಕ್ಯಾಮೆರಾದ ತಪ್ಪಾಗಿದ್ರೆ ಅದಕ್ಕೂ ಬಣ್ಣ ಹತ್ತಬೇಕಿತ್ತಲ್ವಾ? ಮೊದಲಿನವರು ಫೋಟೋ ಸರಿಯಾಗಿ ನೋಡಿರಲಿಲ್ಲ. ಇವರು ಫೋಟೋ ನೋಡಿದ್ರು, ಹೂವನ್ನ ನೋಡಿರಲಿಲ್ಲ.

ನನ್ನ ಸರದಿ ಬಂದಾಗ ಕೇಳಿದೆ, "ಮೇಷ್ಟ್ರೇ, ಇದರಲ್ಲಿ ನಾನು ಎಲ್ಲಿ ನೋಡ್ಬೇಕು?"

"ಎಸಳಿನ ಅಂಚು ನೋಡು. ಅಲ್ಲಿಂದ ಬಣ್ಣ ಏರ್ತಿದೆ."

ಆಮೇಲೆ ಮಾತಾಡೋದು ಸಲೀಸಾಯ್ತು. ಫೋಕಸ್ ಕೂತಿದ್ದು ಹಳದಿ ಕೇಸರದ ಮೇಲೆ, ಅವರಿಗೆ ಬೇಕಾದ ಅಂಚು ಮಸುಕು. ಕ್ಯಾಮೆರಾದ ಬೆನ್ನು ಎಸಳಿಗೆ ಸಮಾನಾಂತರವಾಗಿರಲಿ, ಆಗ ಆ ಒಂದು ಮಿಲಿಮೀಟರಿನೊಳಗೆ ಅಂಚಿನ ಹೆಚ್ಚು ಭಾಗ ಹಿಡಿಸುತ್ತೆ ಅಂದೆ. ಹಿಂದಿನ ಬಿಳಿ ಹೂವನ್ನ ಕತ್ತರಿಸಬೇಡಿ, ಅದಿಲ್ಲದೆ ಈ ಗುಲಾಬಿ ಯಾರಿಗೂ ಅರ್ಥ ಆಗಲ್ಲ ಅಂತಲೂ ಹೇಳಿದೆ. ಮಾರನೇ ಬೆಳಿಗ್ಗೆ, ಗಾಳಿ ಏಳೋ ಮುಂಚೆ, ಮೇಷ್ಟ್ರು ಮತ್ತೆ ಹೊರಟ್ರು.

ಹಾಗಾಗಿ ಹೊಸಬರಿಗೆ ನನ್ನದೊಂದು ಮಾತು. ಫೋಟೋ ತೋರಿಸಿ 'ಹೇಗಿದೆ?' ಅಂತ ಕೇಳಬೇಡಿ, ಅದಕ್ಕೆ 'ಸೂಪರ್' ಬಿಟ್ಟು ಬೇರೆ ಉತ್ತರ ಬರೋದು ಕಷ್ಟ. 'ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯ್ತು?' ಅಂತ ಕೇಳಿ. ಅವರು ತೋರಿಸಿದ ಜಾಗ ನಿಮ್ಮ ಮನಸ್ಸಲ್ಲಿದ್ದ ಜಾಗವೇ ಆಗಿದ್ರೆ ಪಾಸು. ಅಲ್ಲದಿದ್ರೆ, ಹೂವು ಇನ್ನೂ ನಾಲ್ಕು ದಿನ ಅಲ್ಲೇ ಇರುತ್ತೆ. ಬಣ್ಣ ಮಾತ್ರ ಸ್ವಲ್ಪ ಏರಿರುತ್ತೆ, ಅಷ್ಟೇ.