ಚಿಪ್ಪಿನೊಳಗಿನ ತರ್ಕ ನಾವೇ ಬರೆಯೋಣ: ಶಿವಮೊಗ್ಗ–ಭದ್ರಾವತಿ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಪ್ರಣಾಳಿಕೆ

1923ರಲ್ಲಿ ಭದ್ರಾವತಿಯ ಕಾರ್ಖಾನೆ ಶುರುವಾದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ. ಕಲ್ಲು ಕಬ್ಬಿಣವಾಗುವ ಪ್ರತಿ ಹಂತವನ್ನೂ ಆ ಊರು ಕೈಯಾರೆ ಕಲಿಯಿತು. ಎಲೆಕ್ಟ್ರಾನಿಕ್ಸ್‌ನಲ್ಲಿ ನಮ್ಮ ಕತೆಯೇ ಬೇರೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬೋರ್ಡ್ ತರುತ್ತೇವೆ, ಯಾರೋ ಬರೆದ ಕೋಡ್ ತುಂಬುತ್ತೇವೆ, ಎಲ್‌ಇಡಿ ಮಿನುಗಿದರೆ ಗೆದ್ದೆವೆಂದು ಕಾಫಿ ಕುಡಿಯುತ್ತೇವೆ. ಇನ್ನು ಇಷ್ಟಕ್ಕೇ ನಿಲ್ಲುವುದಿಲ್ಲ.

ಮೊದಲ ಮೆಟ್ಟಿಲು, ತಯಾರಾದ ಮೇಲೂ ಒಳಗಿನ ತರ್ಕವನ್ನು ನಾವೇ ಬದಲಿಸಬಹುದಾದ ಚಿಪ್: ಎಫ್‌ಪಿಜಿಎ. 1985ರಲ್ಲಿ ಜೈಲಿಂಕ್ಸ್ ತಂದ ಮೊದಲ ಎಫ್‌ಪಿಜಿಎಯಲ್ಲಿ 64 ತರ್ಕ ಘಟಕಗಳಿದ್ದವು. ಇಂದಿನ ಟ್ಯಾಂಗ್ ನ್ಯಾನೋ 9ಕೆ ಬೋರ್ಡಿನಲ್ಲಿ 8,640 ಲುಕಪ್ ಟೇಬಲ್‌ಗಳಿವೆ. ಒಂದೊಂದೂ ನಾಲ್ಕು ಇನ್‌ಪುಟ್‌ಗಳ, 16 ಸಾಲಿನ ಪುಟ್ಟ ಕೋಷ್ಟಕ. ಕೊನೆಯ ಸಾಲಿಗೆ ಮಾತ್ರ 1 ಕೊಟ್ಟು ಉಳಿದ 15ಕ್ಕೆ 0 ತುಂಬಿದರೆ ಅದು ಆಂಡ್ ಗೇಟ್. ಮೊದಲ ಸಾಲಿಗೆ ಮಾತ್ರ 0 ಕೊಟ್ಟು ಉಳಿದವಕ್ಕೆಲ್ಲ 1 ತುಂಬಿದರೆ ಅದೇ ಜಾಗದಲ್ಲಿ ಆರ್ ಗೇಟ್. ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಕೆಲಸವೇ ಇಲ್ಲ.

ಹಾಗಂತ ತೋಟದ ಪಂಪಿನ ಟೈಮರ್‌ಗೂ ಎಫ್‌ಪಿಜಿಎ ಎನ್ನುವವರನ್ನು ನಾವೇ ತಡೆಯುತ್ತೇವೆ. ಅಲ್ಲಿಗೆ ಮೈಕ್ರೋಕಂಟ್ರೋಲರ್ ಧಾರಾಳವಾಯಿತು. ಓಡುವ ಬೆಲ್ಟಿನ ಮೇಲಿನ ಅಡಿಕೆಯನ್ನು ಬಣ್ಣ ನೋಡಿ ಬೇರ್ಪಡಿಸಬೇಕು, ಕ್ಯಾಮೆರಾದ ಪಿಕ್ಸೆಲ್ ಬಂದ ಬಂದ ಹಾಗೆ ತೀರ್ಮಾನ ಆಗಬೇಕು ಎಂದಾಗ ಎಫ್‌ಪಿಜಿಎ ತನ್ನ ಕಸುಬು ತೋರಿಸುತ್ತದೆ.

ತೆರೆದ ತಂತ್ರಾಂಶವನ್ನೇ ಕಲಿಸುತ್ತೇವೆ. ಲ್ಯಾಟಿಸ್‌ನ ಐಸ್40 ಚಿಪ್‌ಗಳಿಗೆ ಯೋಸಿಸ್, ನೆಕ್ಸ್ಟ್‌ಪಿಎನ್‌ಆರ್ ಇವೆ. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ, ಲೈಸೆನ್ಸಿಗೆ ಯಾರ ಬಾಗಿಲೂ ಕಾಯಬೇಕಿಲ್ಲ.

ಮುಂದಿನದು ಸ್ವಂತ ಚಿಪ್. ಉತ್ಪ್ರೇಕ್ಷೆಯಲ್ಲ. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಸೇರಿ 130 ನ್ಯಾನೋಮೀಟರ್ ಚಿಪ್ ತಯಾರಿಕೆಯ ವಿನ್ಯಾಸ ನಿಯಮಗಳನ್ನು ಎಲ್ಲರಿಗೂ ಬಿಚ್ಚಿಟ್ಟವು. 2022ರಲ್ಲಿ ಆರಂಭವಾದ ಟೈನಿ ಟೇಪೌಟ್‌ನಲ್ಲಿ ಹಲವರು ಒಂದೇ ಚಿಪ್ಪಿನ ಜಾಗವನ್ನೂ ಖರ್ಚನ್ನೂ ಹಂಚಿಕೊಳ್ಳುತ್ತಾರೆ. ಒಂದು ಪಾಲೆಂದರೆ ಸುಮಾರು 160 × 100 ಮೈಕ್ರೋಮೀಟರ್. ಟೈನಿ ಟೇಪೌಟ್ ನಡೆಸಲು ನೆರವಾಗಿದ್ದ ಇಫ್ಯಾಬ್ಲೆಸ್ ಕಂಪನಿ 2025ರಲ್ಲಿ ಮುಚ್ಚಿತು. ಯೋಜನೆ ಬೇರೆ ಕಾರ್ಖಾನೆಗಳತ್ತ ತಿರುಗಿ ಉಳಿದುಕೊಂಡಿತು. ಹಾಗಾಗಿ ನಮ್ಮ ವಿನ್ಯಾಸಗಳು ಯಾವ ಒಂದು ಕಂಪನಿಗೂ ಜೋತು ಬೀಳಬಾರದು.

ಸಿಲಿಕಾನ್ ಮೇಲೆ ಅಚ್ಚಾದ ತಪ್ಪನ್ನು ತಿದ್ದಲಾಗದು. ಆದ್ದರಿಂದ ಎಫ್‌ಪಿಜಿಎಯಲ್ಲಿ ಓಡಿ, ಕನಿಷ್ಠ ಇಬ್ಬರು ಬೇರೆಯವರ ಪರೀಕ್ಷೆ ದಾಟದ ಯಾವ ವಿನ್ಯಾಸವನ್ನೂ ಕಾರ್ಖಾನೆಗೆ ಕಳಿಸುವುದಿಲ್ಲ. ಟಿಪ್ಪಣಿಗಳೆಲ್ಲ ಕನ್ನಡದಲ್ಲೇ ಇರಬೇಕು. ಐಟಿಐ ಹುಡುಗಿಯೂ ರೇಡಿಯೋ ರಿಪೇರಿಯ ಹಿರಿಯರೂ ಓದಿ ತಪ್ಪು ಹಿಡಿಯುವಂತಿರಬೇಕು. ಮೊದಲ ವಿನ್ಯಾಸ ಕನ್ನಡ ಅಂಕಿಗಳ ಗಡಿಯಾರ. ಚಿಪ್ಪಿನ ತರ್ಕ ಬರೆಯುವ ಭಾಷೆಯಾದ ವೆರಿಲಾಗ್ ಬಾರದವರೂ ಬನ್ನಿ: ೦ಯಿಂದ ೯ರವರೆಗೆ ಒಂದೊಂದು ಅಂಕಿಯನ್ನೂ 8 × 8 ಚೌಕದೊಳಗೆ ಚುಕ್ಕಿಯಿಟ್ಟು ಬರೆದು ತನ್ನಿ.