ಬಿಡುವಿನ ಹೊತ್ತಿನ ನಮಾಜಿಗೆ ಅಮಾನತೇಕೆ?

2022ರ ಜನವರಿಯಲ್ಲಿ ಮುಳಬಾಗಿಲಿನ ಸರ್ಕಾರಿ ಶಾಲೆಯೊಂದರ ಕೊಠಡಿಯಲ್ಲಿ ಮಕ್ಕಳು ಶುಕ್ರವಾರದ ನಮಾಜ್ ಮಾಡಿದ ವಿಡಿಯೊ ಹರಿದಾಡಿತು. ಪ್ರತಿಭಟನೆ ನಡೆಯಿತು. ಅನುಮತಿ ಕೊಟ್ಟ ಆರೋಪದ ಮೇಲೆ ಮುಖ್ಯ ಶಿಕ್ಷಕಿ ಅಮಾನತಾದರು. ಅವರ ತಪ್ಪೇನಿತ್ತು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಜುಮ್ಮಾ ನಮಾಜಿನ ಹೊತ್ತೂ ಬಿಸಿಯೂಟದ ಹೊತ್ತೂ ಹೆಚ್ಚುಕಡಿಮೆ ಒಂದೇ. ತಟ್ಟೆ ತೊಳೆದಿಟ್ಟ ಹುಡುಗರು ಗೇಟು ದಾಟಿ ಮಸೀದಿಯತ್ತ ಓಡುತ್ತಾರೆ. ಮಸೀದಿ ದೂರವಿದ್ದರೆ ಮಧ್ಯಾಹ್ನದ ಹಾಜರಿಗೆ ಕೆಲವರು ಮರಳುವುದೇ ಇಲ್ಲ. ಆ ದಿನದ ಗಣಿತವೋ ವಿಜ್ಞಾನವೋ ಕೈತಪ್ಪುತ್ತದೆ. ಖಾಲಿ ಬಿದ್ದ ಕೊಠಡಿಯನ್ನು ಅರ್ಧ ಗಂಟೆ ಬಿಟ್ಟುಕೊಟ್ಟರೆ ಪಾಠ ಉಳಿಯುತ್ತದೆ, ಯಾರಿಗೂ ನಷ್ಟವಿಲ್ಲ.

ಸರ್ಕಾರಿ ಶಾಲೆಯಲ್ಲಿ ಧರ್ಮಕ್ಕೆ ಜಾಗವಿಲ್ಲ ಎನ್ನುವವರು ಸಂವಿಧಾನದ 28ನೇ ವಿಧಿಯನ್ನು ಮುಂದಿಡುತ್ತಾರೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ ಅದು. ನಿರ್ಬಂಧ ಇರುವುದು ಶಾಲೆಯ ಮೇಲೆ. ಬಿಡುವಿನಲ್ಲಿ ತಾನಾಗಿ ಪ್ರಾರ್ಥಿಸುವ ಮಗುವಿಗೆ ಯಾರೂ ಏನನ್ನೂ ಬೋಧಿಸುತ್ತಿಲ್ಲ. ಆ ವಿಧಿಯನ್ನು ನಿಜವಾಗಿ ಜಾರಿ ಮಾಡಹೊರಟರೆ, ಮೇಷ್ಟ್ರೇ ಮುಂದೆ ನಿಂತು ಎಲ್ಲ ಮಕ್ಕಳನ್ನೂ ಸಾಲಾಗಿ ಕೂರಿಸಿ ನಡೆಸುವ ಶಾರದಾ ಪೂಜೆ, ಗಣೇಶನ ಹಬ್ಬಗಳಿಗೇ ಮೊದಲು ಉತ್ತರ ಕೊಡಬೇಕಾಗುತ್ತದೆ. ಅವು ಸಂಪ್ರದಾಯ, ಇದು ಮಾತ್ರ ಅಪರಾಧ ಎನ್ನುವುದು ಶುದ್ಧ ಪಕ್ಷಪಾತ.

ಕೇರಳದ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಹೊರಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ರಾಷ್ಟ್ರಗೀತೆಯ ವಿಷಯದಲ್ಲೇ ಮಗುವಿನ ನಂಬಿಕೆಗೆ ಅಷ್ಟು ಬೆಲೆ ಸಿಕ್ಕಿರುವಾಗ, ಊಟದ ಬಿಡುವಿನ ಪ್ರಾರ್ಥನೆಗೆ ಇಷ್ಟು ರಾದ್ಧಾಂತವೇಕೆ?

ನನಗೂ ಒಂದು ಆತಂಕವಿದೆ. ಗೆಳೆಯರೆಲ್ಲ ಎದ್ದು ಹೋದಾಗ ಬೆಂಚಿನಲ್ಲೇ ಕೂತುಳಿಯುವ ಮುಸ್ಲಿಂ ಹುಡುಗನೂ ಇರುತ್ತಾನೆ. ಅವನನ್ನು ಯಾರೂ ಕೆಣಕದಂತೆ ಕಾಯುವುದು ಶಾಲೆಯ ಹೊಣೆ. ಆದ್ದರಿಂದ ಪ್ರಾರ್ಥನೆ ಬಿಡುವಿನ ಹೊತ್ತಿನಲ್ಲಷ್ಟೇ ಆಗಬೇಕು, ಶಿಕ್ಷಕರೂ ಹೊರಗಿನವರೂ ಮುಂದಾಳುಗಳಾಗಕೂಡದು, ಯಾವ ಧರ್ಮದ ಮಗು ಕೇಳಿದರೂ ಅದೇ ಕೊಠಡಿ ಸಿಗಬೇಕು. ಶಿಕ್ಷಣ ಇಲಾಖೆ ಇಷ್ಟನ್ನು ಸುತ್ತೋಲೆಯಲ್ಲಿ ಬರೆದು ಪ್ರತಿ ಶಾಲೆಗೂ ಕಳಿಸಲಿ. ಮುಂದೆ ಯಾರಾದರೂ ಮೊಬೈಲ್ ಹಿಡಿದು ಶಾಲೆಗೆ ನುಗ್ಗಿದರೆ, ತೋರಿಸಲು ಮುಖ್ಯ ಶಿಕ್ಷಕರ ಕೈಯಲ್ಲಿ ಸರ್ಕಾರದ್ದೇ ಆದೇಶವಿರಲಿ.