ಶಾಲೆಯ ಆರೋಗ್ಯ ತಪಾಸಣೆ: ಮನೆಯವರ ಪಾಲೇನು?

ಮಕ್ಕಳನ್ನು ಶಾಲೆಗೆ ಸೇರಿಸಿ, ಪುಸ್ತಕ ಸಮವಸ್ತ್ರಗಳನ್ನು ಕೊಡಿಸಿದೊಡನೆ ನಮ್ಮ ಹೊಣೆ ತೀರಿತೆಂದು ಭಾವಿಸುತ್ತೇವೆ. ಆದರೆ ಕರಿಹಲಗೆಯ ಅಕ್ಷರ ಕಾಣದ ಮಗುವಿಗೆ, ರಕ್ತಹೀನತೆಯಿಂದ ಸೊರಗಿದ ಮಗಳಿಗೆ ಪಾಠ ಹತ್ತುವುದು ಹೇಗೆ? ದಡ್ಡತನವೆಂದು ನಾವು ಗದರಿಸುವುದು ಎಷ್ಟೋ ವೇಳೆ ದೇಹದ ಕೊರತೆಯೇ ಆಗಿರುತ್ತದೆ.

ಈ ಕೊರತೆಗಳನ್ನು ಹುಡುಕಲೆಂದೇ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ವೈದ್ಯರೂ ಶುಶ್ರೂಷಕಿಯೂ ಇರುವ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಒಮ್ಮೆ ಭೇಟಿ ನೀಡಬೇಕೆಂಬುದು ಅದರ ನಿಯಮ. ಕಣ್ಣು, ಕಿವಿ, ಹಲ್ಲು, ಹೃದಯಗಳ ದೋಷ ಕಂಡುಬಂದರೆ ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಶಸ್ತ್ರಚಿಕಿತ್ಸೆಯೂ ಸೇರಿದಂತೆ ಮುಂದಿನ ಚಿಕಿತ್ಸೆ ಉಚಿತ.

ಆದರೆ ಚೀಟಿಯೊಂದರಿಂದಲೇ ರೋಗ ವಾಸಿಯಾಗದು. ನ್ಯೂಯಾರ್ಕ್ ನಗರದಲ್ಲಿ ಹಿಂದೆ ವೈದ್ಯರು ಶಾಲಾಮಕ್ಕಳನ್ನು ಪರೀಕ್ಷಿಸಿ, ಸೋಂಕಿದ್ದವರನ್ನು ಮನೆಗೆ ಕಳುಹಿಸುತ್ತಿದ್ದರು. ಚಿಕಿತ್ಸೆ ಕೊಡಿಸುವವರಿಲ್ಲದೆ ಆ ಮಕ್ಕಳು ಬೀದಿಯಲ್ಲಿ ಅಲೆಯುತ್ತಿದ್ದರು. 1902ರಲ್ಲಿ ಲೀನಾ ರೋಜರ್ಸ್ ಎಂಬ ದಾದಿಯನ್ನು ಶಾಲೆಗಳಿಗೆ ನೇಮಿಸಲಾಯಿತು. ಆಕೆ ಗಾಯಗಳಿಗೆ ಶಾಲೆಯಲ್ಲೇ ಔಷಧಿ ಹಚ್ಚಿ, ಮನೆಮನೆಗೆ ಹೋಗಿ ತಾಯಂದಿರಿಗೆ ತಿಳಿಹೇಳಿದರು. ಇನ್ನಷ್ಟು ದಾದಿಯರು ನೇಮಕಗೊಂಡ ಮೇಲೆ, ಒಂದೇ ವರ್ಷದಲ್ಲಿ ಹೀಗೆ ಹೊರಗುಳಿಯುವ ಮಕ್ಕಳ ಸಂಖ್ಯೆ ಸುಮಾರು ಹತ್ತನೆಯ ಒಂದು ಭಾಗಕ್ಕಿಳಿಯಿತು. ನಮ್ಮ ಹಳ್ಳಿಯ ಶಾಲೆಗಳಲ್ಲಿ ಅಂತಹ ಕಾಯಂ ದಾದಿಯಿಲ್ಲ. ಆ ಕೆಲಸ ತಾಯ್ತಂದೆಯರ ಪಾಲಿಗೇ ಬಂದಿದೆ.

ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮನೆಗಳವರು ಇನ್ನೊಂದನ್ನು ಗಮನಿಸಬೇಕು. ಈ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬೆಳೆಯುವ ವಯಸ್ಸಿನಲ್ಲಿ ಹಲ್ಲಿಗೆ ಹತ್ತಿದ ಕಲೆ ಉಜ್ಜಿದರೆ ಹೋಗುವಂಥದಲ್ಲ. ಹಿರಿಯ ಮಗುವಿನ ಹಲ್ಲಿನಲ್ಲಿ ಅಂತಹ ಕಲೆಯನ್ನು ತಂಡದವರು ಗುರುತಿಸಿದರೆ, ಕಿರಿಯ ಮಗುವಿಗೆ ಕೊಡುವ ನೀರನ್ನಾದರೂ ಕೂಡಲೇ ಪರೀಕ್ಷೆ ಮಾಡಿಸಬೇಕು.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಊಟವಾದ ಮೇಲೆ ನುಂಗಬೇಕು. ಮಲ ಕಪ್ಪಾದರೆ ಅಂಜಬೇಕಿಲ್ಲ. ಊಟದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ.

ಕೊನೆಯದಾಗಿ ಒಂದು ಮಾತು. ಹೆಣ್ಣುಮಗಳಿಗೆ ಕನ್ನಡಕ ಹಾಕಿಸಿದರೆ, ಹೃದಯದ ತೊಂದರೆಯೆಂದು ಊರಿಗೆ ತಿಳಿದರೆ, ನಾಳೆ ಸಂಬಂಧ ಕೂಡಿಬರುವುದಿಲ್ಲವೆಂದು ಚೀಟಿಯನ್ನು ಮುಚ್ಚಿಡುವ ಮನೆಗಳು ನಮ್ಮಲ್ಲಿಲ್ಲವೇ? ಮುಚ್ಚಿಟ್ಟ ರೋಗ ಮಗಳೊಡನೆ ಗಂಡನ ಮನೆಗೂ ಹೋಗುತ್ತದೆ. ಹೆರಿಗೆಯ ಹೊತ್ತಿಗೆ ಪ್ರಾಣಕ್ಕೇ ಎರವಾದೀತು. ಗಂಡುಮಗನ ಚೀಟಿಗೆ ತೋರುವ ಆತುರವನ್ನು ಮಗಳ ಚೀಟಿಗೂ ತೋರೋಣ. ಈ ಸಲ ಶಾಲೆಯಲ್ಲಿ ತಪಾಸಣೆಯಾದ ದಿನ ಮಕ್ಕಳ ಚೀಲವನ್ನು ನಾವೇ ತೆರೆದು ನೋಡೋಣ.